ಹೋಟೆಲಿನ ವಿಮೆಯನ್ನು ಅಡುಗೆಮನೆಯಿಂದ ಲೆಕ್ಕ ಹಾಕಬೇಕು

ಬೆಂಗಳೂರಿನ ಬಸವೇಶ್ವರನಗರದಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲ್ ಇದೆ. ಬಾಡಿಗೆ ಕಟ್ಟಡ, ಹದಿನಾಲ್ಕು ಜನ ಕೆಲಸಗಾರರು. 2019ರ ನವೆಂಬರಿನ ಒಂದು ಬೆಳಗಿನ ಜಾವ, ಒಲೆಗಳ ಮೇಲಿನ ಹೊಗೆಕೊಳವೆಯೊಳಗೆ ಕಟ್ಟಿಕೊಂಡಿದ್ದ ಎಣ್ಣೆಜಿಡ್ಡಿಗೆ ಬೆಂಕಿ ಹತ್ತಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಚಿಮಣಿ, ವೈರಿಂಗ್, ಫಾಲ್ಸ್ ಸೀಲಿಂಗ್, ಎರಡು ಗ್ರೈಂಡರ್ ಮತ್ತು ಇಡ್ಲಿ ಸ್ಟೀಮರ್ ಹಾಳಾದವು, ಇಪ್ಪತ್ತಮೂರು ದಿನ ಬಾಗಿಲು ಮುಚ್ಚಬೇಕಾಯಿತು.

ನಮ್ಮಲ್ಲಿ ವಿಮೆ ಇತ್ತು. ಸಾಲ ಕೊಡುವಾಗ ಬ್ಯಾಂಕಿನವರೇ ಅದನ್ನು ಮಾಡಿಸಿದ್ದರು. ಸಾಲ 12 ಲಕ್ಷವಾದ್ದರಿಂದ ವಿಮಾ ಮೊತ್ತವೂ 12 ಲಕ್ಷವೇ ಆಗಿತ್ತು. ಪರಿಶೀಲನೆಗೆ ಬಂದ ಸರ್ವೇಯರ್ ಅಡುಗೆಮನೆಯಿಂದ ಗಲ್ಲಾದವರೆಗೆ ಎಲ್ಲವನ್ನೂ ಎಣಿಸಿ, ಒಟ್ಟು ಸ್ವತ್ತಿನ ಅಂದಿನ ಬೆಲೆ 24 ಲಕ್ಷ ಎಂದು ಬರೆದುಕೊಂಡರು. ಹಳೆಯ ಯಂತ್ರಗಳ ಸವಕಳಿಯನ್ನು ಕಳೆದ ಮೇಲೆ ನಷ್ಟ 6 ಲಕ್ಷವೆಂದು ತೀರ್ಮಾನವಾಯಿತು. ಆದರೆ 24 ಲಕ್ಷದ ಸ್ವತ್ತಿಗೆ 12 ಲಕ್ಷದ ವಿಮೆ ಮಾಡಿಸಿದವನು ಉಳಿದ ಅರ್ಧದ ಹೊಣೆಯನ್ನು ತಾನೇ ಹೊತ್ತುಕೊಂಡಿದ್ದಾನೆ ಎಂಬುದು ಪಾಲಿಸಿಯ ಷರತ್ತು. ಆದ್ದರಿಂದ ನಷ್ಟ ವಿಮಾ ಮೊತ್ತಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಮಂಜೂರಾದದ್ದು 3 ಲಕ್ಷ, ಅದರಲ್ಲಿಯೂ ಎಕ್ಸೆಸ್ ಎಂದು ಕರೆಯುವ ನಮ್ಮ ಪಾಲನ್ನು ಕಳೆದು ಉಳಿದದ್ದಷ್ಟೇ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದುದರಿಂದ ಆ ಹಣವೂ ಸಾಲದ ಖಾತೆಗೆ ಹೋಯಿತು. ಬ್ಯಾಂಕು ತನ್ನ ಸಾಲಕ್ಕೆ ಭದ್ರತೆ ಮಾಡಿಕೊಂಡಿತ್ತು. ನನ್ನ ಹೋಟೆಲಿನ ಭದ್ರತೆಯನ್ನು ನಾನು ನೋಡಿಕೊಳ್ಳಬೇಕಿತ್ತು. ಈಗ ಹೊಸದಾಗಿ ಹೋಟೆಲ್ ಹಾಕುವವರು ವಿಮೆಯ ಬಗ್ಗೆ ಕೇಳಿದಾಗ, ಪ್ರೀಮಿಯಂ ಎಷ್ಟು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ನಾಳೆ ಎಲ್ಲವೂ ಸುಟ್ಟುಹೋದರೆ ಇದೇ ಅಡುಗೆಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕು ಎಂದು ಮೊದಲು ಕೇಳುತ್ತೇನೆ.

ಆ ಲೆಕ್ಕವನ್ನು ಪುಸ್ತಕ ಹಿಡಿದು ಸ್ಥಳದಲ್ಲಿಯೇ ಹಾಕಬೇಕು. ದೋಸೆ ಹಂಚು, ಬಾಯ್ಲರ್, ಫ್ರಿಜ್, ಕಾಫಿ ಯಂತ್ರಗಳು ಎಲ್ಲರಿಗೂ ನೆನಪಾಗುತ್ತವೆ. ಗ್ಯಾಸ್ ಪೈಪಿನ ಜೋಡಣೆ, ಗೋಡೆಯ ಟೈಲ್ಸ್, ಗ್ರಾನೈಟ್ ಕೌಂಟರ್, ಬೋರ್ಡು, ಯು.ಪಿ.ಎಸ್., ಉಗ್ರಾಣದ ದಿನಸಿ ಇವು ಬಿಟ್ಟುಹೋಗುತ್ತವೆ. ಪ್ರತಿಯೊಂದಕ್ಕೂ ಇಂದು ಹೊಸದನ್ನು ಕೊಳ್ಳುವ ಬೆಲೆಯನ್ನೇ ಹಾಕಬೇಕು, ಪಾಲಿಸಿಯೂ ಮರುಸ್ಥಾಪನಾ ಬೆಲೆಯ ಆಧಾರದ್ದೇ ಆಗಿರಬೇಕು; ಇಲ್ಲವಾದರೆ ಸವಕಳಿಯ ಹೊರೆ ನಮ್ಮ ಮೇಲೆ ಬೀಳುತ್ತದೆ. ಇಲ್ಲಿ ನನ್ನ ಲೆಕ್ಕಪರಿಶೋಧಕರು ತಿಳಿಸಿಕೊಟ್ಟ ಒಂದು ವಿಷಯವಿದೆ. ಗಿರಾಕಿಗಳಿಂದ ಶೇ. 5ರ ಜಿ.ಎಸ್.ಟಿ. ಪಡೆಯುವ ನಮ್ಮಂಥ ಹೋಟೆಲುಗಳಿಗೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ಹಿಂದಿರುಗುವುದಿಲ್ಲ. ಆದ್ದರಿಂದ ಯಂತ್ರದ ಬೆಲೆಯನ್ನು ತೆರಿಗೆ ಸೇರಿಸಿಯೇ ಬರೆಯಬೇಕು. ವಿಮೆಯ ಪ್ರೀಮಿಯಂ ಮೇಲಿನ ಶೇ. 18 ಕೂಡ ನಮಗೆ ಪೂರ್ತಿ ಖರ್ಚೇ.

2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳ ಸ್ಥಿತಿ ಸ್ವಲ್ಪ ಸುಧಾರಿಸಿದೆ. ಒಂದು ಸ್ಥಳದ ಸ್ವತ್ತಿನ ಮೌಲ್ಯ 5 ಕೋಟಿಯವರೆಗೆ ಇದ್ದರೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಮಾದರಿ ಪಾಲಿಸಿಯನ್ನು ಕೊಡುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು ಸಾಮಾನ್ಯ ವಿಮಾ ಕಂಪನಿಗಳಿಗೆ ಸೂಚಿಸಿತು. ಬೆಂಕಿ, ಸ್ಫೋಟ, ಪ್ರವಾಹ, ಭೂಕಂಪ, ಗಲಭೆ ಇವು ಅದರಲ್ಲಿ ಒಳಗೊಂಡಿವೆ. ವಿಮಾ ಮೊತ್ತದಲ್ಲಿ ಶೇ. 15ರವರೆಗಿನ ಕೊರತೆಗೆ ಪರಿಹಾರವನ್ನು ಕಡಿತಗೊಳಿಸುವುದಿಲ್ಲ. ದಿನಸಿಯ ದಾಸ್ತಾನು ಹಬ್ಬದ ದಿನಗಳಲ್ಲಿ ಏರುವ ನಮ್ಮ ವ್ಯಾಪಾರಕ್ಕೆ ಈ ಸಡಿಲಿಕೆ ಬಹಳ ಮುಖ್ಯ. ಆದರೆ ನನ್ನ ಹಾಗೆ ಅರ್ಧಕ್ಕೆ ಅರ್ಧ ಕಡಿಮೆ ಮಾಡಿಸಿದವರ ಕೊರತೆಯನ್ನು ಅದು ತುಂಬುವುದಿಲ್ಲ.

ಬೆಂಕಿ ವಿಮೆಯಲ್ಲಿ ಇಲ್ಲದ್ದು ಏನೆಂಬುದನ್ನೂ ಓದಬೇಕು. ಶಾರ್ಟ್ ಸರ್ಕ್ಯೂಟಿನಿಂದ ಗ್ರೈಂಡರಿನ ಮೋಟಾರ್ ಸುಟ್ಟರೆ ಆ ಮೋಟಾರಿಗೆ ಪರಿಹಾರವಿಲ್ಲ. ಅದರಿಂದ ಬೆಂಕಿ ಹರಡಿ ಬೇರೆ ಸ್ವತ್ತು ಸುಟ್ಟರೆ ಮಾತ್ರ ಅದಕ್ಕೆ ಸಿಗುತ್ತದೆ. ಫ್ರಿಜ್ ಕೆಟ್ಟು ಹಾಲು, ಬೆಣ್ಣೆ, ಪನೀರ್ ಹಾಳಾದರೂ ಹಾಗೆಯೇ. ಇವಕ್ಕೆ ಬೇರೆ ಪಾಲಿಸಿಗಳಿವೆ. ನಮ್ಮ ಗಾತ್ರದ ಹೋಟೆಲಿಗೆ ಯಂತ್ರ ಕೆಡುವ ವಿಮೆಗಿಂತ ಕ್ರಮವಾದ ಸರ್ವಿಸಿಂಗೇ ಲಾಭಕರವೆಂದು ನಾನು ಅದನ್ನು ಕೈಬಿಟ್ಟಿದ್ದೇನೆ. ಗಲ್ಲಾದ ಹಣಕ್ಕೂ ಈಗ ದೊಡ್ಡ ಮೊತ್ತ ಬೇಕಿಲ್ಲ, ಹೆಚ್ಚಿನವರು ಫೋನಿನಲ್ಲಿಯೇ ಪಾವತಿಸುತ್ತಾರೆ.

ಗ್ಯಾಸಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ನೋಂದಾಯಿತ ಗ್ರಾಹಕರಿಗಾಗಿ ತೈಲ ಕಂಪನಿಗಳು ಮಾಡಿಸಿರುವ ವಿಮೆಯೊಂದಿದೆ. ಅದರಲ್ಲಿ ಸಾವಿಗೆ ತಲಾ 6 ಲಕ್ಷ, ಆಸ್ತಿ ನಷ್ಟಕ್ಕೆ ಒಂದು ಅವಘಡಕ್ಕೆ ಗರಿಷ್ಠ 2 ಲಕ್ಷ ರೂಪಾಯಿ. ಇದನ್ನೇ ನಂಬಿಕೊಂಡು ಹೋಟೆಲ್ ನಡೆಸಲಾಗದು. 19 ಕಿಲೋ ಸಿಲಿಂಡರಿನ ಬದಲು ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಒಲೆಗೆ ಜೋಡಿಸುವುದು ಕಾನೂನುಬಾಹಿರ, ಅವಘಡವಾದರೆ ಕ್ಲೇಮನ್ನು ಪ್ರಶ್ನಿಸಲು ಅದೊಂದೇ ಸಾಕು. ನಾವು ಈಗ ಚಿಮಣಿ ಕೊಳವೆಯನ್ನು ಮೂರು ತಿಂಗಳಿಗೊಮ್ಮೆ ಶುಚಿ ಮಾಡಿಸಿ, ಬಿಲ್ಲನ್ನು ದಿನಾಂಕದೊಂದಿಗೆ ಕಡತದಲ್ಲಿ ಇಡುತ್ತೇವೆ.

ಬಾಗಿಲು ಮುಚ್ಚಿದ ಆ ಇಪ್ಪತ್ತಮೂರು ದಿನ ಬಾಡಿಗೆ, ಸಾಲದ ಕಂತು, ಸಂಬಳ ಯಾವುದೂ ನಿಲ್ಲಲಿಲ್ಲ. ಭಟ್ಟರನ್ನು ಸಂಬಳವಿಲ್ಲದೆ ಊರಿಗೆ ಕಳುಹಿಸಿದರೆ ಅವರು ಹಿಂದಿರುಗುವುದು ಬೇರೆ ಹೋಟೆಲಿಗೆ. ಇಂಥ ಖರ್ಚನ್ನೂ ತಪ್ಪಿದ ಲಾಭವನ್ನೂ ಭರಿಸುವ ಲಾಸ್ ಆಫ್ ಪ್ರಾಫಿಟ್ ಪಾಲಿಸಿಯನ್ನು ನಾನು ಅನಂತರ ಸೇರಿಸಿಕೊಂಡೆ. ಅದು ಸ್ವತ್ತಿಗೆ ಹಾನಿಯಾದಾಗ ಮಾತ್ರ ಅನ್ವಯಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿದ್ದರೂ ಏನೂ ಸುಟ್ಟಿರಲಿಲ್ಲವಾದ್ದರಿಂದ ಅದು ನೆರವಿಗೆ ಬರಲಿಲ್ಲ. ಬಂದ್ ದಿನದ ಮಾತೂ ಇದೇ: ಕಲ್ಲು ಬಿದ್ದು ಗಾಜು ಒಡೆದರೆ ಪರಿಹಾರ ಉಂಟು, ವ್ಯಾಪಾರ ಹೋದದ್ದಕ್ಕೆ ಇಲ್ಲ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟಿಸಿದ ಮೇಲೆ ಭಯೋತ್ಪಾದನೆಯಿಂದಾದ ಹಾನಿಗೂ ಪಾಲಿಸಿಯಲ್ಲಿ ರಕ್ಷಣೆ ಇದೆಯೇ ಎಂದು ನಾನು ತೆಗೆದು ನೋಡಿದೆ, ಇತ್ತು.

ಕೆಲಸಗಾರರ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಹತ್ತು ಅಥವಾ ಹೆಚ್ಚು ಜನರಿರುವ ಹೋಟೆಲಿಗೆ, ಕೆಲಸಗಾರರ ಚಿಕಿತ್ಸೆ ಮತ್ತು ಗಾಯದ ಪರಿಹಾರವನ್ನು ನೋಡಿಕೊಳ್ಳುವ ಸರ್ಕಾರಿ ವಿಮೆಯಾದ ಇ.ಎಸ್.ಐ. ಕಡ್ಡಾಯ, ಆದರೆ ಅದು ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. ಸಪ್ಲಯರ್ ಮತ್ತು ಕ್ಲೀನರ್ ಹುಡುಗರು ಅದರೊಳಗೆ ಬರುತ್ತಾರೆ; ದಿನವಿಡೀ ಬೆಂಕಿಯ ಮುಂದೆ ನಿಲ್ಲುವ ಮುಖ್ಯ ಭಟ್ಟರ ಸಂಬಳ ಆ ಮಿತಿಯನ್ನು ದಾಟಿರುತ್ತದೆ. ಕುದಿಯುವ ಎಣ್ಣೆಯ ಬಾಣಲೆಗೆ ಅತಿ ಹತ್ತಿರ ಇರುವವರೇ ರಕ್ಷಣೆಯಿಂದ ಹೊರಗಿರುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಮಾಲೀಕನೇ ಹೊಣೆ ಎಂಬುದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕಾಲದಿಂದ ಬಂದ ತತ್ತ್ವ. ಆ ಹೊಣೆಗಾಗಿ ಭಟ್ಟರಿಬ್ಬರ ಹೆಸರಿನಲ್ಲಿ ಪ್ರತ್ಯೇಕ ಪಾಲಿಸಿಯನ್ನು ಮಾಡಿಸಿದ್ದೇನೆ.

ಗಿರಾಕಿಗಳಿಗೆ ಆದ ಹಾನಿಗೆ ನಾವು ಕೊಡಬೇಕಾದ ಪರಿಹಾರವನ್ನು ಭರಿಸುವ ಪಬ್ಲಿಕ್ ಲಯಬಿಲಿಟಿ ಪಾಲಿಸಿಯನ್ನು ಕೊಳ್ಳುವಾಗ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಆಹಾರದಿಂದ ಆದ ತೊಂದರೆ ಇದರಲ್ಲಿ ಸೇರಿದೆಯೇ? ಒದ್ದೆ ನೆಲದಲ್ಲಿ ಜಾರಿ ಬಿದ್ದವರಿಗೆ ಪರಿಹಾರ ಕೊಡುವ ಪಾಲಿಸಿಯು, ಊಟ ಮಾಡಿ ಆಸ್ಪತ್ರೆ ಸೇರಿದವರಿಗೆ ತಾನಾಗಿಯೇ ಕೊಡುವುದಿಲ್ಲ. ಆಹಾರ ಮತ್ತು ಪಾನೀಯದ ಷರತ್ತನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಮಿನ ಪ್ರಕಾರ, ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 5 ಲಕ್ಷ ಪರಿಹಾರ ಕೊಡಬೇಕು. ದಂಡದ ಹಣವನ್ನು ವಿಮೆ ಭರಿಸುವುದಿಲ್ಲ. ಕಟ್ಟಡದ ಮಾಲೀಕರ ಬಳಿ ಅವರದೇ ವಿಮೆ ಇದೆಯೇ ಎಂದೂ ವಿಚಾರಿಸಬೇಕು. ಏಕೆಂದರೆ ನಮ್ಮ ಒಲೆಯ ಬೆಂಕಿಯಿಂದ ಅವರ ಗೋಡೆ ಬಿರುಕು ಬಿಟ್ಟರೆ, ಅವರಿಗೆ ಹಣ ಕೊಟ್ಟ ಕಂಪನಿಯು ಅದನ್ನು ನಮ್ಮಿಂದ ವಸೂಲು ಮಾಡಲು ಬರಬಹುದು.

ಈ ವರ್ಷ ಹಿಟ್ಟು ರುಬ್ಬುವುದಕ್ಕೆ ಹಿಂದಿನ ರಸ್ತೆಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಪಾಲಿಸಿಯಲ್ಲಿ ಬರೆಯದ ವಿಳಾಸದಲ್ಲಿರುವ ಸ್ವತ್ತಿಗೆ ರಕ್ಷಣೆ ಇರುವುದಿಲ್ಲವಾದ್ದರಿಂದ ಆ ಕೋಣೆಯನ್ನೂ ಸೇರಿಸುವಂತೆ ಏಜೆಂಟರಿಗೆ ಬರೆದು ಕೊಟ್ಟೆ. ಬಂದ ಪತ್ರದಲ್ಲಿ ಬಾಗಿಲ ಸಂಖ್ಯೆ ತಪ್ಪಾಗಿತ್ತು. ಹಿಂದಕ್ಕೆ ಕಳುಹಿಸಿ, ತಿದ್ದಿದ ಪ್ರತಿ ಕೈಗೆ ಬಂದ ಮೇಲೆಯೇ ಗ್ರೈಂಡರುಗಳನ್ನು ಅಲ್ಲಿಗೆ ಸಾಗಿಸಿದೆವು.