ಟಿಟಿ ಆಯ್ತು, ಫ್ಲೂ ಸೂಜಿ ಯಾಕೆ?

ಬಸುರಿಯರು ಹೆಚ್ಚಾಗಿ ಕೇಳೋದು ಇದನ್ನೇ. ಜನ ಈಗಲೂ ಟಿಟಿ ಅನ್ನೋ, ತಾಯಿ ಕಾರ್ಡಿನಲ್ಲಿ ಬರೆಯುವ ಟಿಡಿ ಲಸಿಕೆ ಧನುರ್ವಾಯು, ಗಂಟಲಮಾರಿಗೆ. ಫ್ಲೂಗೆ ಅದರಿಂದ ರಕ್ಷಣೆ ಇಲ್ಲ.

ಇನ್ನೊಂದು ಭಯ, ಹೊಟ್ಟೆಯಲ್ಲಿರೋ ಮಗುವಿಗೆ ಏನಾದರೂ ಆದರೆ ಅನ್ನೋದು. ಸೂಜಿಯಲ್ಲಿರುವುದು ನಿಷ್ಕ್ರಿಯ ವೈರಸ್. ಅದರಿಂದ ಫ್ಲೂ ಬರುವುದಿಲ್ಲ. ತೋಳಿನ ಸ್ನಾಯುವಿಗೆ 0.5 ಮಿ.ಲೀ., ಒಂದೇ ಡೋಸ್, ಯಾವ ತಿಂಗಳಾದರೂ ಸರಿ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಮಾತ್ರ ಜೀವಂತ ವೈರಸ್ ಇರುತ್ತದೆ, ಅದು ಬಸುರಿಯರಿಗೆ ಬೇಡ.

ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ಮಳೆಗಾಲಕ್ಕೆ ಮೊದಲೇ ಹಾಕಿಸಿಕೊಂಡರೆ ಒಳ್ಳೆಯದು. 6 ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಕೊಡುವಂತಿಲ್ಲ. ಅಲ್ಲಿಯವರೆಗೆ ಅದಕ್ಕೆ ಕಾವಲು, ಬಸುರಿನಲ್ಲಿ ಲಸಿಕೆ ಹಾಕಿಸಿಕೊಂಡ ಅಮ್ಮನಿಂದ ಇಳಿದು ಬಂದ, ರೋಗ ತಡೆಯುವ ಪ್ರತಿಕಾಯಗಳು. ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಹಾಕಿಸಿಕೊಂಡಿದ್ದರೂ ಜ್ವರ, ಕೆಮ್ಮು ಬಂದರೆ ಕಷಾಯ ಕುಡಿದು ಕಾಯಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ, ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ.