ತಮ್ಮನ ಕಾಲಿನ ಹೆಪ್ಪು, ಸೂಜಿ ಚುಚ್ಚಿದ ಜಾಗದ ಗುಳ್ಳೆ

ನನ್ನ ತಮ್ಮನಿಗೆ ಕಾಲೇಜಿನ ದಿನದಿಂದಲೂ ಬಾಯಿ ಹುಣ್ಣು. ಉಷ್ಣ ಜಾಸ್ತಿ ಅಂತ ಅಮ್ಮ ಎಳನೀರು, ಮಜ್ಜಿಗೆ, ದೊಡ್ಡಪತ್ರೆ ತಂಬುಳಿ ಕೊಡುತ್ತಿದ್ದರು. ಅದಕ್ಕೆಲ್ಲ ಯಾರು ಡಾಕ್ಟರ್ ಹತ್ತಿರ ಓಡುತ್ತಾರೆ, ಅಲ್ವಾ? ಗುಪ್ತಾಂಗದಲ್ಲೂ ಹುಣ್ಣಾಗುತ್ತಿತ್ತು ಅನ್ನುವುದನ್ನು ಅವನು ನಾಚಿಕೆಯಿಂದ ಯಾರಿಗೂ ಹೇಳಿರಲೇ ಇಲ್ಲ.

ಹೋದ ವರ್ಷ ಎಡಗಾಲು ಊದಿತು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವಾಗ ನಡೆಯಲಾಗದೆ ಅಲ್ಲೇ ಕೂತುಬಿಟ್ಟ. ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆಯ ರಕ್ತನಾಳದಲ್ಲಿ ಹೆಪ್ಪು ಕಂಡಿತು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ಕಳಿಸಿದರು. ಒಂದು ದಿನವೂ ತಪ್ಪಿಸಲಿಲ್ಲ, ನಾನೇ ಎಣಿಸಿ ಕೊಡುತ್ತಿದ್ದೆ, ಆದರೂ ಎರಡೇ ತಿಂಗಳಿಗೆ ಬಲಗಾಲೂ ಊದಿತು.

ಈ ಸಲ ಬೇರೆ ಆಸ್ಪತ್ರೆಗೆ ಹೋದೆವು. ಡ್ರಿಪ್ ಹಾಕಿದ ಎರಡನೇ ದಿನ ಸೂಜಿ ಚುಚ್ಚಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೀವಿನ ಗುಳ್ಳೆ ಎದ್ದಿತ್ತು, ಸುತ್ತ ಕೆಂಪು. ರುಮಟಾಲಜಿ (ಕೀಲು, ಉರಿಯೂತದ ಕಾಯಿಲೆಗಳ ವಿಭಾಗ) ಮೇಡಂ ಅದನ್ನೇ ದಿಟ್ಟಿಸಿ ನೋಡಿ, "ಬಾಯಿ ಹುಣ್ಣು ಆಗ್ತಿರುತ್ತಾ?" ಅಂತ ಕೇಳಿದರು. ಬೆಹ್ಚೆಟ್ ಕಾಯಿಲೆ. ಇದರಲ್ಲಿ ಬಾಯಿ, ಗುಪ್ತಾಂಗದಲ್ಲಿ ಹುಣ್ಣಾಗುತ್ತದೆ, ಕೆಲವರಿಗೆ ಸೂಜಿ ಚುಚ್ಚಿದ ಕಡೆ ಹೀಗೆ ಗುಳ್ಳೆಯೂ ಏಳುತ್ತದೆ. 1937ರಲ್ಲಿ ಇದನ್ನು ವಿವರಿಸಿದ ಟರ್ಕಿಯ ಚರ್ಮವೈದ್ಯ ಹುಲುಸಿ ಬೆಹ್ಚೆಟ್ ಅವರ ಹೆಸರೇ ಇದಕ್ಕಿದೆ.

ಮೇಡಂ ಹೇಳಿದ್ದು ಇಷ್ಟು. ಇಲ್ಲಿ ತೊಂದರೆ ಇರುವುದು ಬರೀ ರಕ್ತದಲ್ಲಲ್ಲ, ನಾಳದ ಗೋಡೆಯೇ ಉರಿಯೂತದಿಂದ ಊದಿರುತ್ತದೆ, ಹೆಪ್ಪು ಅದಕ್ಕೆ ಅಂಟಿಕೊಂಡು ಕೂರುತ್ತದೆ. ಹಾಗಾಗಿ ಮೊದಲು ಆ ಉರಿ ಆರಬೇಕು. ಅದಕ್ಕೆ ಸ್ಟೀರಾಯ್ಡ್, ಜೊತೆಗೆ ಅಜಥಯೋಪ್ರಿನ್; ಜೋರಾಗಿದ್ದರೆ ಸೈಕ್ಲೋಫಾಸ್ಫಮೈಡ್ ಅಥವಾ ಇನ್‌ಫ್ಲಿಕ್ಸಿಮಾಬ್. ನಾಳಕ್ಕೆ ಆಪರೇಷನ್ ಬೇಕಾದರೂ ಆದಷ್ಟು ಉರಿಯೂತ ಇಳಿದ ಮೇಲೆಯೇ, ಇಲ್ಲದಿದ್ದರೆ ಹೊಲಿಗೆ ಹಾಕಿದ ಕಡೆಯೇ ನಾಳ ಮತ್ತೆ ಉಬ್ಬಬಹುದು.

ನನಗೆ ಕೈಕಾಲು ತಣ್ಣಗಾಗಿದ್ದು ಮುಂದಿನ ಮಾತಿಗೆ. ಈ ಕಾಯಿಲೆಯಲ್ಲಿ ಕೆಲವರಿಗೆ ಶ್ವಾಸಕೋಶದ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿರುತ್ತದೆ. ಅದನ್ನು ನೋಡದೆ ರಕ್ತ ತೆಳು ಮಾಡಿದರೆ, ಒಡೆದಾಗ ಜೀವಕ್ಕೇ ಅಪಾಯ. ನಾವು ಎರಡು ತಿಂಗಳು ಎಣಿಸಿ ಎಣಿಸಿ ಕೊಟ್ಟಿದ್ದೆವು! ಅವತ್ತೇ ಎದೆಯ ಸಿಟಿ ಆಂಜಿಯೋಗ್ರಾಮ್ ಆಯಿತು. ಉಬ್ಬು ಇರಲಿಲ್ಲ. ಕಾರಿಡಾರ್‌ನಲ್ಲೇ ಅತ್ತುಬಿಟ್ಟೆ.

ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನವರಿಗೆ ಕಾಲಲ್ಲಿ ಹೆಪ್ಪುಗಟ್ಟಿ, ಪದೇ ಪದೇ ಬಾಯಿ ಹುಣ್ಣೂ ಆಗುತ್ತಿದ್ದರೆ, ದಯವಿಟ್ಟು ಎರಡನ್ನೂ ಒಟ್ಟಿಗೆ ಡಾಕ್ಟರಿಗೆ ಹೇಳಿ. ಕೆಮ್ಮಿದಾಗ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಈಗ ಅಜಥಯೋಪ್ರಿನ್ ನಡೆಯುತ್ತಿದೆ. ಬಿಳಿ ರಕ್ತಕಣ ಕಡಿಮೆಯಾಗಬಹುದು ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಪ್ರತಿ ಭಾನುವಾರ ಅಮ್ಮನ ಹೊಲಿಗೆ ಟೇಪಿನಲ್ಲಿ ಎರಡೂ ಮೀನಖಂಡ ಅಳೆದು ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಮೊನ್ನೆ ಎರಡೂ ಒಂದೇ ಅಳತೆ ಬಂತು. "ಇನ್ನೊಂದ್ಸಲ ಅಳೆ ಅಕ್ಕ" ಅಂದ. ಮತ್ತೆ ಅಳೆದೆ, ಅಷ್ಟೇ ಬಂತು.