ಎಂಟು ಬಾಯಿ, ಒಂದು ಪ್ರೆಟ್ಜೆಲ್

14 ಜೂನ್ 2025, ಶನಿವಾರ, ರಾತ್ರಿ ಒಂದೂವರೆ

ಇವತ್ತು ನನ್ನ ಕಡೆಯವರಲ್ಲಿ ಇಬ್ಬರು ಸತ್ತರು. ನನಗೆ ಆಗಿದ್ದು ದುಃಖ ಅಲ್ಲ, ನೆಮ್ಮದಿ. ಈಗಲೇ ಬರೆದಿಟ್ಟುಬಿಡುತ್ತೇನೆ. ಬೆಳಿಗ್ಗೆ ಎದ್ದರೆ ಹೀಗೆ ಅನ್ನಿಸಿತ್ತು ಅಂತ ನಾನೇ ಒಪ್ಪುವುದಿಲ್ಲ.

ಗಾಬರಿ ಬೇಡ, ಸತ್ತವರು ಗೇಮಿನವರು. ಗೇಮಿನ ಹೆಸರು ಡೆಸ್ಪಾಟ್ಸ್ ಗೇಮ್. ಕಾನ್ಫಾ ಗೇಮ್ಸ್‌ನವರು ಮಾಡಿದ್ದು, 2022ರಲ್ಲಿ ಪೂರ್ತಿ ಬಿಡುಗಡೆ ಆಯಿತು. ನಾನು ಹಿಡಿದಿದ್ದು ಮಾತ್ರ ಈ ವಾರ. ಒಂದಷ್ಟು ಜನ ಎಲ್ಲೋ ಕಣ್ಣು ಬಿಡುತ್ತಾರೆ. ಹಿಂದಿನದೇನೂ ನೆನಪಿಲ್ಲ, ಮೈಮೇಲೆ ಬಟ್ಟೆ ಇಲ್ಲ. ಕೋಣೆಯಿಂದ ಕೋಣೆಗೆ ಹೋಗಬೇಕು, ಎದುರಾದವರ ಜೊತೆ ಹೊಡೆದಾಡಬೇಕು. ಯಾರಿಗೆ ಯಾವ ಆಯುಧ, ಯಾರು ಎಲ್ಲಿ ನಿಲ್ಲಬೇಕು, ಅದಷ್ಟೇ ನನ್ನ ಕೈಯಲ್ಲಿ. ಆಮೇಲೆ ಕಾದಾಟ ತಾನಾಗೇ ನಡೆಯುತ್ತದೆ. ನಾನು ಕೈಕಟ್ಟಿ ಕೂತು ನೋಡಬೇಕು. ನೋಡುವುದು ಅಂದರೆ ಸ್ಕ್ರೀನಿಗೆ ಬೈಯುವುದು. "ಹಿಂದೆ ಬಾರೋ, ಹಿಂದೆ!" ಯಾರು ಕೇಳುತ್ತಾರೆ?

ಆಯುಧ ಅಂದರೆ ಕತ್ತಿ, ದೂರದಿಂದ ಬಾಣ ಬಿಡುವ ಕ್ರಾಸ್‌ಬೋ ಇವೆ. ಅವುಗಳ ಜೊತೆಗೇ ಶವಪೆಟ್ಟಿಗೆಯೂ ಇದೆ. ಒಣಗಿ ಕಲ್ಲಾದ ಪ್ರೆಟ್ಜೆಲ್ ಕೂಡ ಇದೆ, ಅದೇ ಆ ಗಂಟು ಹಾಕಿದ ಹಾಗೆ ತಿರುಚಿರುವ ಬ್ರೆಡ್ಡು. ಕೈಗೆ ಏನು ಕೊಡುತ್ತೀವೋ ಅವನು ಆ ಜಾತಿಯ ಯೋಧ. ಒಂದೇ ತರದವರು ಜಾಸ್ತಿ ಆದರೆ ಅವರಿಗೆಲ್ಲ ಹೆಚ್ಚುವರಿ ಶಕ್ತಿ ಬರುತ್ತದೆ. ಈ ಲೆಕ್ಕಾಚಾರ ಹೊಸದಲ್ಲ. 2019ರ ಜನವರಿಯಲ್ಲಿ ಡೋಟಾ 2 ಅನ್ನುವ ಗೇಮಿನ ಒಳಗೆ ಬಂದ ಆಟೋ ಚೆಸ್ಸಿನಿಂದ ಇಂಥ ಗೇಮುಗಳ ಹುಚ್ಚು ಹಿಡಿಯಿತು. ಆದರೆ ಅಲ್ಲಿ ಇಲ್ಲದ ಒಂದು ಇಲ್ಲಿದೆ. ಹೊಟ್ಟೆ.

ಈ ಜನ ತಿನ್ನುತ್ತಾರೆ! ಹೊಸ ಕೋಣೆಗೆ ಕಾಲಿಟ್ಟಾಗಲೆಲ್ಲ ಆಹಾರ ಖರ್ಚಾಗುತ್ತದೆ, ತಲೆ ಜಾಸ್ತಿ ಇದ್ದಷ್ಟೂ ಬೇಗ. ಇದು ಆಟೋ ಚೆಸ್ಸಿಗಿಂತ ತುಂಬ ಹಳೇ ಮನೆತನದ ಗುಣ. ರೋಗ್‌ಲೈಕ್ (ಸತ್ತರೆ ಮತ್ತೆ ಮೊದಲಿಂದ ಶುರು ಮಾಡಬೇಕಾದ ಗೇಮುಗಳು) ಅನ್ನುವ ಹೆಸರಿಗೆ ಕಾರಣವಾದ 1980ರ ರೋಗ್‌ನಲ್ಲೂ ಹಸಿವಿತ್ತು. ಚಿತ್ರವೇ ಇಲ್ಲದ ಗೇಮ್ ಅದು, ಬರೀ ಅಕ್ಷರಗಳು. ಇಂಗ್ಲಿಷಿನ 26 ಅಕ್ಷರಕ್ಕೆ 26 ಬಗೆಯ ದೈತ್ಯರು. ಅಲ್ಲಿ ಸುಮ್ನೆ ಸುತ್ತುತ್ತಾ ಕಾಲ ಕಳೆದರೆ ದೈತ್ಯ ಬರಬೇಕಾಗಿಲ್ಲ, ಹಸಿವೇ ಮುಗಿಸುತ್ತದೆ. ಆದರೆ ಅಲ್ಲಿ ಇರುವುದು ಒಂದು ಹೊಟ್ಟೆ, ಅದು ನಮ್ಮದೇ. ಇಲ್ಲಿ ಒಂದು ದಂಡಿನ ಹೊಟ್ಟೆ.

ಇವತ್ತಿನ ದಂಡಿನಲ್ಲಿ ಎಂಟು ಜನ ಇದ್ದರು. ಮೊದಲ ಮಹಡಿ ಸಲೀಸಾಗಿ ದಾಟಿದ್ದೆ. ಟೋಕನ್, ಅಂದರೆ ಗೇಮಿನ ದುಡ್ಡು, ಕೈಯಲ್ಲಿ ಕುಣಿಯುತ್ತಿತ್ತು, ಇನ್ನೆರಡು ಜನರನ್ನು ಕೊಂಡೆ. ಮಾಡಿದ ತಪ್ಪು ಅದೇ. ಎರಡು ಕೋಣೆ ದಾಟುವಷ್ಟರಲ್ಲಿ ಆಹಾರ ತಳ ಕಂಡಿತು. ಮುಂದಿನ ಕೋಣೆಗೆ ಹತ್ತು ಜನಕ್ಕೆ ಸಾಲದು, ಎಂಟು ಜನಕ್ಕೆ ಸಾಲುತ್ತದೆ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಸಾಲು ನಿಲ್ಲಿಸಿದೆ. ಬೇಕಂತಲೇ ಹಾಗೆ ನಿಲ್ಲಿಸಿದೆನಾ, ಗೊತ್ತಿಲ್ಲ. ಹೊಸಬರಿಬ್ಬರೂ ಕ್ರಾಸ್‌ಬೋ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದರು. ಕ್ರಾಸ್‌ಬೋದವರನ್ನು ಮುಂದೆ ನಿಲ್ಲಿಸಬಾರದು ಅಂತ ಮೊದಲ ದಿನವೇ ಕಲಿತಿದ್ದೆ.

ಕಾದಾಟ ಮುಗಿದಾಗ ಎಂಟು ಜನ ಉಳಿದರು. ಅಬ್ಬಾ ಅಂದೆ.

ಇದೇ ತಂಡದ 2018ರ ಗೇಮ್ ಡೆಸ್ಪಾಟಿಸಂ 3ಕೆ ಆಡುವಾಗ ಹೀಗೆ ಕಸಿವಿಸಿ ಆಗಿರಲಿಲ್ಲ. ಅಲ್ಲಿ ನಾವೇ ದುಷ್ಟ ಯಂತ್ರ. ಮನುಷ್ಯರನ್ನು ಎತ್ತಿ ಎತ್ತಿ ಕೆಲಸಕ್ಕೆ ಹಾಕುವುದು, ಬೇಡ ಅನ್ನಿಸಿದವರನ್ನು ಬಯೋರಿಯಾಕ್ಟರಿಗೆ ಎಸೆಯುವುದು. ಎಲ್ಲ ನೇರಾನೇರ. ಇಲ್ಲಿ ನಾನು ಈ ಬಡಪಾಯಿಗಳ ಕಡೆಯವನು ಅಂದುಕೊಂಡೇ ಆಡುತ್ತಿದ್ದೆ.

ಅಷ್ಟರಲ್ಲಿ ತಂಗಿ ನೀರು ಕುಡಿಯಲು ಎದ್ದವಳು ಹಿಂದೆ ಬಂದು ನಿಂತಳು.

"ಅಣ್ಣಾ, ಅವನ್ಯಾಕೆ ಶವಪೆಟ್ಟಿಗೆ ಹಿಡ್ಕೊಂಡಿದ್ದಾನೆ?"

"ಅದು ಆಯುಧ ಕಣೇ."

"ಸತ್ರೆ ಅದ್ರಲ್ಲೇ ಮಲಗಿಸ್ತೀಯಾ?"

"ಅಷ್ಟೆಲ್ಲ ಪುರುಸೊತ್ತು ಎಲ್ಲಿದೆ?"

ಅವಳು ನನ್ನನ್ನು ಒಂದು ತರಾ ನೋಡಿ ಹೋದಳು. ನಾನು ತಮಾಷೆಗೆ ಹೇಳಿದ್ದಲ್ಲ, ನಿಜಕ್ಕೂ ಮುಂದಿನ ಕೋಣೆಯ ಲೆಕ್ಕ ಹಾಕುತ್ತಿದ್ದೆ.

ಬಾಸ್, ಅಂದರೆ ಕೊನೆಯ ದೊಡ್ಡ ಶತ್ರು, ಅವನ ಹತ್ತಿರ ಹೋಗುವಷ್ಟರಲ್ಲಿ ಐದು ಜನ ಇದ್ದರು. ಶವಪೆಟ್ಟಿಗೆಯವನು ಮೊದಲೇ ಬಿದ್ದ. ಕತ್ತಿಯವರು ಒಬ್ಬರ ಹಿಂದೆ ಒಬ್ಬರು ಹೋದರು. ಕೊನೆಗೆ ಉಳಿದವನು ಪ್ರೆಟ್ಜೆಲ್‌ನವನು. ಆಟದ ಶುರುವಿನಿಂದ ಇದ್ದವನು. ಅವನನ್ನು ಮೂಲೆಯಲ್ಲಿ ನಿಲ್ಲಿಸಿ ಮರೆತೇಬಿಟ್ಟಿದ್ದೆ. ಅಷ್ಟು ದೊಡ್ಡ ಬಾಸ್ ಎದುರು ಆ ಪುಟ್ಟ ಬೊಂಬೆ ಆ ಒಣ ಬ್ರೆಡ್ಡು ಹಿಡಿದು ಕಾದಾಡುತ್ತಲೇ ಇತ್ತು. ನಾಲ್ಕು ಸೆಕೆಂಡು ಇರಬಹುದು. ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಆಮೇಲೆ ಅವನೂ ಹೋದ. ಎಲ್ಲರೂ ಸತ್ತ ಮೇಲೆ ಇನ್ನೊಂದು ಅವಕಾಶ ಇಲ್ಲ, ಮತ್ತೆ ಮೊದಲಿಂದ.

ಪೂರ್ತಿ ಗೆದ್ದರೆ ಕಿಂಗ್ ಆಫ್ ದ ಹಿಲ್‌ನಲ್ಲಿ ನಮ್ಮ ದಂಡನ್ನು ಬೇರೆ ಆಟಗಾರರ ದಂಡುಗಳ ಮೇಲೆ ಬಿಡಬಹುದು. ಅದು ನನಗೆ ಇನ್ನೂ ದೂರದ ಮಾತು.

ನಾಳೆಗೆ: ಆರು ಜನಕ್ಕಿಂತ ಜಾಸ್ತಿ ಕೊಳ್ಳಬಾರದು. ಕ್ರಾಸ್‌ಬೋ ಹಿಂದೆ. ಪ್ರೆಟ್ಜೆಲ್ ಸಿಕ್ಕರೆ ಬಿಡಬಾರದು.